ಅವಳಿಯಲ್ಲದ ಅವಳಿಗಳಿಗೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಪ್ರಶ್ನೆ. ಸಣ್ಣದು ಅಂದುಕೊಂಡೇ ಶುರು ಮಾಡಿದ್ದೆ, ಮೂರು ದಿನದಿಂದ ತಲೆ ತಿನ್ನುತ್ತಿದೆ. ಇಬ್ಬರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದಾರೆ. ಆದರೆ ಒಂದೇ ಬಸಿರಲ್ಲಿ ಹುಟ್ಟಿದವರಲ್ಲ. ಇಂಥವರಿಗೆ ಕನ್ನಡದಲ್ಲಿ ಒಂದು ಪದ ಇದೆಯೇ? ಅವಳಿ ಅನ್ನುವಂತಿಲ್ಲ. ಅವರು ಅವಳಿಗಳಲ್ಲ ಅನ್ನುವುದೇ ಇಲ್ಲಿ ತಮಾಷೆ.

ಅಕ್ಕನ ಮಗ ರಜೆಗೆ ಬಂದಿದ್ದಾನೆ. ಒಂಬತ್ತು ವರ್ಷ. ರಾತ್ರಿ ಮಲಗುವ ಮುಂಚೆ ಬ್ಯಾಟ್‌ಮನ್ ಕಾಮಿಕ್ಸ್ ಓದಿ ಹೇಳಬೇಕು, ಅದೂ ಕನ್ನಡದಲ್ಲಿ. ಪುಸ್ತಕ ಇಂಗ್ಲಿಷಿನದು, ಬಾಯಿ ನನ್ನದು. ಹೊಡೆದಾಟದ ಪುಟಗಳು ಸಲೀಸು. ಢಿಶುಂ ಅಂದರೆ ಮುಗಿಯಿತು. ಮಾತಿನ ಪುಟ ಬಂದಾಗ ಬೆವರು ಬರುತ್ತದೆ. ಈ ಸಲ ಸಿಕ್ಕಿಬಿದ್ದದ್ದು ಟ್ವೀಡಲ್‌ಡಂ ಮತ್ತು ಟ್ವೀಡಲ್‌ಡೀ ಅನ್ನುವ ಇಬ್ಬರ ಹತ್ತಿರ.

ಗೊತ್ತಿಲ್ಲದವರಿಗೆ: ಇವರು ಗೋಥಮ್ ನಗರದ ಕಳ್ಳರು. 1943ರ ಏಪ್ರಿಲ್‌ನಲ್ಲಿ, ಡಿಟೆಕ್ಟಿವ್ ಕಾಮಿಕ್ಸ್‌ನ 74ನೇ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡರು. ಮೊಟ್ಟೆಯ ಹಾಗೆ ದುಂಡಗಿನ ಮೈ, ಕತ್ತು ಎಲ್ಲಿದೆ ಅಂತ ಹುಡುಕಬೇಕು. ಮೈ ಬಗ್ಗಿಸುವ ಕೆಲಸ ಇಬ್ಬರಿಗೂ ಆಗದು. ಕೂತಲ್ಲೇ ಕೂತು ಸಂಚು ಹಾಕುತ್ತಾರೆ, ಓಡಾಡುವ ಕೆಲಸಕ್ಕೆ ಬಾಡಿಗೆ ಬಂಟರು. ಹೆಸರೂ ವೇಷವೂ ಮಕ್ಕಳ ಪುಸ್ತಕದಿಂದ ಎತ್ತಿದ್ದು. ಲೂಯಿಸ್ ಕ್ಯಾರಲ್ 1871ರಲ್ಲಿ ಬರೆದ, ಆಲಿಸ್ ಕನ್ನಡಿಯೊಳಗೆ ಹೋಗುವ ಕತೆಯ ಜೋಡಿ ಅದು. ಕಾಮಿಕ್ಸ್‌ನವರು ಅವರಿಗೆ ನಿಜ ಹೆಸರೂ ಕೊಟ್ಟರು: ಡಂಫ್ರೀ ಟ್ವೀಡ್, ಡೀವರ್ ಟ್ವೀಡ್.

ಇಲ್ಲೊಂದು ಕೊಕ್ಕೆ ಇದೆ. ಕ್ಯಾರಲ್‌ನ ಪುಸ್ತಕದಲ್ಲಿ ಇವರು ಸ್ವಂತ ಅಣ್ಣತಮ್ಮಂದಿರು. ಕಾಮಿಕ್ಸ್‌ನಲ್ಲಿ ಕಸಿನ್‌ಗಳು! ನೋಡಿದವರೆಲ್ಲ ಅವಳಿ ಅಂದುಕೊಳ್ಳುತ್ತಾರೆ, ಆದರೆ ಅಲ್ಲ. ಇಂಗ್ಲಿಷ್ ಓದುಗನಿಗೆ ಇದು ಒಂದು ಪುಟ್ಟ ಆಶ್ಚರ್ಯ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ: ‘ಇವರು ಅವಳಿಗಳಲ್ಲ ಕಣೋ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು.’

ಅವನು ಕಣ್ಣು ಮಿಟುಕಿಸಲಿಲ್ಲ. ‘ಅಣ್ಣತಮ್ಮಂದಿರೇ ಅಲ್ವಾ ಮತ್ತೆ?’ ಅಂದ.

ಹೌದಲ್ಲ! ಅವನು ತನ್ನ ದೊಡ್ಡಪ್ಪನ ಮಗನನ್ನು ಅಣ್ಣ ಅಂತಲೇ ಕರೆಯುತ್ತಾನೆ. ಅವನ ಮಟ್ಟಿಗೆ ಅದೇನು ಹೊಸ ಸುದ್ದಿ? ಇಂಗ್ಲಿಷಿನ ಆಶ್ಚರ್ಯ ಕನ್ನಡಕ್ಕೆ ಬರುವ ದಾರಿಯಲ್ಲೇ ಸತ್ತುಹೋಯಿತು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದ: ‘ಮಾವ, ಹಂಗಾದ್ರೆ ಅವರಪ್ಪಂದಿರು ಅವಳಿನಾ?’ ಈ ಪ್ರಶ್ನೆಗೆ ಕಾಮಿಕ್ಸ್‌ನಲ್ಲಿ ಉತ್ತರ ಇಲ್ಲ. ನನ್ನ ಹತ್ತಿರವೂ ಇರಲಿಲ್ಲ. ದೀಪ ಆರಿಸಿದೆ.

ಮಾರನೆಯ ದಿನದಿಂದ ಕೂತು ಪದ ಹುಡುಕುತ್ತಿದ್ದೇನೆ. ಮೊದಲು ನೆಂಟಸ್ತಿಕೆಯ ಮಾತು ನೋಡೋಣ.

ಕಸಿನ್ ಅನ್ನುವುದಕ್ಕೆ ನಮ್ಮಲ್ಲಿ ಒಂದೇ ಪದ ಇಲ್ಲ ಅನ್ನುವುದು ಹಳೆಯ ಮಾತು, ಅದನ್ನು ಮತ್ತೆ ಬೆಳೆಸಲ್ಲ. ಆದರೆ ಈ ಇಬ್ಬರ ವಿಷಯದಲ್ಲಿ ನಾವು ಒಂದು ಕಡೆ ನಿಲ್ಲಲೇಬೇಕು. ಇಬ್ಬರ ಅಡ್ಡಹೆಸರೂ ಟ್ವೀಡ್. ಹಾಗಾಗಿ ಅಪ್ಪಂದಿರು ಅಣ್ಣತಮ್ಮಂದಿರು ಅಂತ ಹಿಡಿಯಬಹುದು. ಸೋದರತ್ತೆ, ಸೋದರಮಾವನ ಮಕ್ಕಳಾಗಿದ್ದರೆ ಭಾವ, ಭಾವಮೈದ ಆಗುತ್ತಿದ್ದರು. ಆಗ ಅನುವಾದದ ಧಾಟಿಯೇ ಬೇರೆ. ಭಾವ ಭಾವಮೈದರ ನಡುವೆ ಸಲಿಗೆಯ ಕುಚೋದ್ಯ ಇರುತ್ತದೆ, ಕಾಲೆಳೆಯುವುದು ಇರುತ್ತದೆ. ಅಪ್ಪನ ಕಡೆಯಾದರೆ ‘ನಮ್ಮವರು’. ಮಂಡ್ಯ ಮೈಸೂರು ಕಡೆ ಹಳ್ಳಿಗಳಲ್ಲಿ ‘ಅವರು ನಮಗೆ ಅಣ್ತಮ್ಮಂದ್ರಾಗಬೇಕು’ ಅಂದರೆ ಒಂದೇ ತಾಯಿಯ ಮಕ್ಕಳು ಅಂತ ಅರ್ಥ ಅಲ್ಲ. ಒಂದೇ ಮನೆತನದ ಬೇರೆ ಬೇರೆ ಒಲೆಗಳು ಅಂತ. ಹೆಣ್ಣು ಕೊಟ್ಟು ತರುವವರು ನೆಂಟರು, ಇವರು ಅಣ್ತಮ್ಮಂದ್ರು. ಅಲ್ಲಿಗೆ ಕ್ಯಾರಲ್‌ನ ಅಣ್ಣತಮ್ಮಂದಿರು, ಕಾಮಿಕ್ಸ್‌ನ ಕಸಿನ್‌ಗಳು ಇಬ್ಬರೂ ನಮ್ಮಲ್ಲಿ ಒಂದೇ ಪದಕ್ಕೆ ಬಂದು ಬಿದ್ದರು.

ದಾಯಾದಿಗಳು ಅನ್ನೋಣವೇ? ಪದವೇನೋ ಸರಿ. ದಾಯ ಅಂದರೆ ಪಾಲು, ಪಾಲಿಗೆ ಹಕ್ಕುದಾರ ದಾಯಾದಿ. ಆದರೆ ದಾಯಾದಿ ಅಂದ ತಕ್ಷಣ ಕನ್ನಡ ಕಿವಿಗೆ ಕೇಳಿಸುವುದು ಜಗಳ. ದಾಯಾದಿ ಮತ್ಸರ, ದಾಯಾದಿ ಕಲಹ, ಬದುವಿನ ಮೇಲೆ ನಿಂತು ಕೂಗಾಟ, ಕೋರ್ಟು. ಹಸ್ತಿನಾವತಿಯಿಂದ ನಮ್ಮೂರಿನ ತನಕ ಅದೇ ಕತೆ. ಈ ಟ್ವೀಡ್‌ಗಳೋ ಒಂದೇ ತಟ್ಟೆಯಲ್ಲಿ ಉಂಡು ಕದಿಯುವವರು. ದಾಯಾದಿ ಅಂದರೆ ಓದುಗ ಮುಂದಿನ ಪುಟದಲ್ಲಿ ಹೊಡೆದಾಟ ಕಾಯುತ್ತಾನೆ. ಕ್ಯಾರಲ್‌ನ ಜೋಡಿಗಾದರೆ ಇದು ಸ್ವಲ್ಪ ಒಪ್ಪುತ್ತಿತ್ತು. ಅವರು ನಿಜಕ್ಕೂ ಜಗಳಕ್ಕೆ ನಿಲ್ಲುತ್ತಾರೆ, ಹೊಸ ಗಿಲಕಿ ಹಾಳು ಮಾಡಿದ ಅಂತ. ಆರು ಗಂಟೆವರೆಗೆ ಹೊಡೆದಾಡಿ ಆಮೇಲೆ ಊಟ ಮಾಡೋಣ ಅಂತ ಮಾತೂ ಆಡಿಕೊಳ್ಳುತ್ತಾರೆ. ಅಷ್ಟರಲ್ಲಿ ಒಂದು ದೊಡ್ಡ ಕಾಗೆ ಬಂದು ಇಬ್ಬರೂ ಓಟ.

ಬೆಂಗಳೂರಿನ ದಾರಿ ಇನ್ನೊಂದಿದೆ: ‘ಕಸಿನ್ ಬ್ರದರ್’. ಇದನ್ನು ಕೇಳಿ ನಗುವವರಿದ್ದಾರೆ. ನನಗೇನೋ ಇದು ಕನ್ನಡದವರೇ ಕಸಿನ್‌ಗೆ ಹಾಕಿದ ತೇಪೆ ಅನಿಸುತ್ತದೆ. ಬರೀ ಕಸಿನ್ ಅಂದರೆ ಗಂಡೋ ಹೆಣ್ಣೋ, ಅಣ್ಣನೋ ಭಾವನೋ ತಿಳಿಯಲ್ಲ. ನಮಗೆ ಅಷ್ಟು ಮಸುಕಾಗಿ ಮಾತಾಡಿ ಅಭ್ಯಾಸ ಇಲ್ಲ.

ದೊಡ್ಡಪ್ಪ ಚಿಕ್ಕಪ್ಪ ಅಂದಾಗ ಇನ್ನೊಂದು ಮುಳ್ಳು. ಯಾರು ದೊಡ್ಡವನು? ಮಾತಿನ ಗುಳ್ಳೆಯಲ್ಲಿ ಒಬ್ಬ ಇನ್ನೊಬ್ಬನನ್ನು ಕರೆಯುವಾಗ ಅಣ್ಣ ಅನ್ನಬೇಕೋ ತಮ್ಮ ಅನ್ನಬೇಕೋ? ಇಂಗ್ಲಿಷಿಗೆ ಈ ಚಿಂತೆ ಇಲ್ಲ. ನಾನು ಕಂಡುಕೊಂಡ ಉಪಾಯ ಸುಮ್ನೆ ಹೆಸರು ಹಿಡಿದು ‘ಲೋ’ ಅನ್ನಿಸುವುದು. ಒಂದೇ ವಾರಿಗೆಯ ಹುಡುಗರು ನಮ್ಮ ಮನೆಗಳಲ್ಲೂ ಹಾಗೇ ಕರೆಯುತ್ತಾರೆ, ಅಜ್ಜಿ ಬೈಯುವ ತನಕ.

ಈಗ ಹೋಲಿಕೆಯ ಪದಗಳಿಗೆ ಬರೋಣ. ತದ್ರೂಪು, ಪ್ರತಿರೂಪ ಪುಸ್ತಕದ ಪದಗಳು, ಮಗುವಿಗೆ ಭಾರ. ಪಡಿಯಚ್ಚು ಚೆನ್ನಾಗಿದೆ. ಪ್ರತಿ ಅನ್ನುವುದೇ ಪಡಿ ಆಗಿದ್ದು, ಅದಕ್ಕೆ ಅಚ್ಚು ಸೇರಿದೆ. ಆದರೆ ಪಡಿಯಚ್ಚು ಅಂದಾಗ ಒಬ್ಬ ಮೊದಲು, ಇನ್ನೊಬ್ಬ ನಕಲು ಅನ್ನುವ ನೆರಳು ಬರುತ್ತದೆ. ‘ಮಗ ಅಪ್ಪನ ಪಡಿಯಚ್ಚು’ ಅನ್ನುತ್ತೇವೆ, ತಿರುಗಿಸಿ ಅನ್ನಲ್ಲ. ‘ಥೇಟ್’ ಕೂಡ ಹಾಗೇ: ಥೇಟ್ ಅವರಜ್ಜನ ಹಾಗೆ. ಈ ಇಬ್ಬರಲ್ಲಿ ಮೂಲ ಯಾರು, ನಕಲು ಯಾರು? ಯಾರೂ ಅಲ್ಲ. ಎದುರುಬದುರಾಗಿ ನಿಂತ ಎರಡು ಕನ್ನಡಿ. ಸೇಮ್ ಟು ಸೇಮ್ ಅಂದರೆ ಈ ತೊಂದರೆ ಇಲ್ಲ, ಹುಡುಗನಿಗೂ ಖುಷಿ. ಆದರೆ ಅದು ಹೆಸರಾಗಲ್ಲ. ‘ಆ ಸೇಮ್ ಟು ಸೇಮ್‌ಗಳು ಬಂದರು’ ಅನ್ನಲು ಬಾಯಿ ಬರಲ್ಲ. ಸಿನಿಮಾದವರ ಡಬಲ್ ಆಕ್ಟಿಂಗ್ ಕೂಡ ನೋಡಿದೆ. ಅಲ್ಲಿ ನಟ ಒಬ್ಬನೇ, ಪಾತ್ರ ಎರಡು. ಇಲ್ಲಿ ಇಬ್ಬರೂ ನಿಜವಾಗಿ ಇದ್ದಾರೆ.

ಕೊನೆಗೆ ಅವಳಿ ಪದದ ಬುಡಕ್ಕೇ ಹೋದೆ. ಅಲ್ಲಿ ಸಿಕ್ಕಿದ್ದನ್ನು ಹೇಳದೆ ಇರಲಾಗಲ್ಲ, ಈ ಪತ್ರ ಉದ್ದ ಆಗಿದ್ದೇ ಅದರಿಂದ.

ನಾವು ಅವಳಿ ಜವಳಿ ಅನ್ನುತ್ತೇವೆ. ಬಡಗಣದ ಕಡೆ ಬರೀ ‘ಜವಳಿ ಮಕ್ಕಳು’ ಅಂದರೂ ಸಾಕು. ಚಿಕ್ಕಂದಿನಲ್ಲಿ ನಾನು ಜವಳಿಯನ್ನು ಕಾಫಿ ಗೀಫಿಯ ಗೀಫಿ ಅಂದುಕೊಂಡಿದ್ದೆ, ಪ್ರಾಸಕ್ಕೆ ತಗಲಿಸಿದ್ದು ಅಂತ. ಅಲ್ಲ. ಸಂಸ್ಕೃತದ ಯಮಳ ಅಂದರೆ ಜೋಡಿ. ಕೃಷ್ಣ ಒರಳು ಎಳೆದುಕೊಂಡು ಹೋಗಿ ಕೆಡವಿದ ಯಮಳಾರ್ಜುನ ಮರಗಳು ನೆನಪಿರಬೇಕು. ಯೋಗಿ ಜೋಗಿ ಆದ, ಯಾತ್ರೆ ಜಾತ್ರೆ ಆಯಿತು, ಯಮ ಜವರಾಯ ಆದ. ಅದೇ ದಾರಿಯಲ್ಲಿ ಯಮಳ ಜವಳ ಆಯಿತು. ಹಳಗನ್ನಡದಲ್ಲಿ ಅಮಳ್ ಅಂದರೂ ಅವಳಿಯೇ, ಅಲ್ಲಿ ಮೊದಲ ಯಕಾರ ಉದುರಿದೆ. ಹಾಗಾದರೆ ಅವಳಿ ಮತ್ತು ಜವಳಿ ಎರಡೂ ಒಂದೇ ಬಸಿರಿನ ಪದಗಳು. ಒಂದು ಯಕಾರ ಬಿಟ್ಟು ಬಂತು, ಇನ್ನೊಂದು ಜಕಾರ ಮಾಡಿಕೊಂಡು ಬಂತು. ಆಮೇಲೆ ಎರಡೂ ಕೈ ಕೈ ಹಿಡಿದು ನಿಂತಿವೆ, ಕ್ಯಾರಲ್‌ನ ಜೋಡಿ ಹೆಗಲ ಮೇಲೆ ಕೈ ಹಾಕಿ ನಿಂತ ಹಾಗೆ.

ಇನ್ನೊಂದು ಜವಳಿ ಇದೆ, ಬಟ್ಟೆಯದು. ಜವಳಿ ಅಂಗಡಿ, ಮದುವೆ ಜವಳಿ, ಹುಬ್ಬಳ್ಳಿಯ ಜವಳಿ ಸಾಲು. ಈಗ ಈ ಕಳ್ಳರ ಅಡ್ಡಹೆಸರು ನೋಡಿ: ಟ್ವೀಡ್. ಅದೂ ಬಟ್ಟೆಯೇ! ಸ್ಕಾಟ್ಲೆಂಡಿನ ಒರಟು ಉಣ್ಣೆ ಬಟ್ಟೆ. ಆ ಹೆಸರಿನ ಹುಟ್ಟೂ ಮಜವಾಗಿದೆ. ಟ್ವಿಲ್ ನೇಯ್ಗೆಯನ್ನು ಸ್ಕಾಟ್ಲೆಂಡಿನವರು ಟ್ವೀಲ್ ಅನ್ನುತ್ತಿದ್ದರು. ಅಲ್ಲೇ ಹರಿಯುವ ಟ್ವೀಡ್ ನದಿಯ ಹೆಸರಿನ ಜೊತೆ ಅದು ಕಲಸಿಹೋಗಿ ಟ್ವೀಡ್ ಆಯಿತು. ಇನ್ನು ಟ್ವಿಲ್ ಅಂದರೆ ಮೂಲದಲ್ಲಿ ಎರಡೆಳೆಯದು. ಅವರ ಬಟ್ಟೆಯೊಳಗೂ ‘ಎರಡು’ ಅಡಗಿದೆ, ನಮ್ಮ ಜವಳಿಯೊಳಗೂ ಜೋಡಿ ಕೂತಿದೆ. ಟ್ವೀಡ್ ಮನೆತನಕ್ಕೆ ಜವಳಿ ಅಂತಲೇ ಹೆಸರಿಟ್ಟರೆ ಬಟ್ಟೆಯೂ ಆಯಿತು, ಅವಳಿಯೂ ಆಯಿತು.

ಒಂದು ಗಂಟೆ ಕಾಲ ನಾನು ಬಲು ಬುದ್ಧಿವಂತ ಅನ್ನಿಸಿತು. ಡಂಫ್ರೀ ದುಂಡಪ್ಪ ಆಗಬಹುದು, ದುಂಡಗೂ ಇದ್ದಾನೆ. ಡೀವರ್ ದೇವಪ್ಪ. ಅಡ್ಡಹೆಸರು ಜವಳಿ. ಆಮೇಲೆ ಜ್ಞಾನೋದಯ ಆಯಿತು. ಹೀಗೆ ಮಾಡಿದರೆ ಗೋಥಮ್‌ನ ಕಳ್ಳರು ರಾತ್ರೋರಾತ್ರಿ ಧಾರವಾಡ ಬಸ್ಸಿನಿಂದ ಇಳಿದ ಹಾಗಿರುತ್ತದೆ. ಅದು ಅಲ್ಲಿ ನಿಜವಾಗಿ ಇರುವ ಮನೆತನದ ಹೆಸರು ಬೇರೆ. ಊರು ಗೋಥಮ್ ಆಗಿಯೇ ಉಳಿಯುವಾಗ ಕಳ್ಳರಿಗೆ ಮಾತ್ರ ಪಂಚೆ ಉಡಿಸುವುದು ನನಗೆ ಹಿಡಿಸಲಿಲ್ಲ. ಬಿಟ್ಟೆ. ಬೇಜಾರಿನಿಂದಲೇ ಬಿಟ್ಟೆ.

ಪೂರ್ತಿ ಕನ್ನಡಕ್ಕೆ ತರುವುದಾದರೆ ನಾ. ಕಸ್ತೂರಿಯವರ ಹಾಗೆ ತರಬೇಕು. ಅವರು ಆಲಿಸಳನ್ನು ಪಾಪಚ್ಚಿ ಮಾಡಿ ಪಾತಾಳಕ್ಕೆ ಇಳಿಸಿದರು. ಹುಡುಗಿಯೂ ನಮ್ಮವಳು, ಬಿಲವೂ ನಮ್ಮದು. ಅರ್ಧಂಬರ್ಧ ಮಾಡಲಿಲ್ಲ.

ಹೆಸರಿನ ಸದ್ದಿನ ಬಗ್ಗೆಯೂ ಒಂದೆರಡು ಮಾತು. ಈ ಹೆಸರುಗಳು ಕ್ಯಾರಲ್ ಕಟ್ಟಿದವಲ್ಲ. ಅವನಿಗಿಂತ ಮೊದಲೇ ಮಕ್ಕಳ ಪದ್ಯದಲ್ಲಿದ್ದವು. ಅದಕ್ಕೂ ಹಿಂದೆ, 1725ರಲ್ಲಿ, ಜಾನ್ ಬೈರಮ್ ಅನ್ನುವ ಕವಿ ಲಂಡನ್ನಿನ ಇಬ್ಬರು ಸಂಗೀತಗಾರರ ಜಗಳ ನೋಡಿ ಒಂದು ಚುಟುಕ ಬರೆದ. ಹ್ಯಾಂಡೆಲ್ ದೊಡ್ಡವನೋ ಬೊನೊನ್ಚಿನಿ ದೊಡ್ಡವನೋ ಅಂತ ಊರು ಎರಡಾಗಿತ್ತು. ಡಂಗೂ ಡೀಗೂ ಇರುವಷ್ಟೇ ವ್ಯತ್ಯಾಸಕ್ಕೆ ಇಷ್ಟೊಂದು ಗಲಾಟೆಯೇ ಅಂತ ಅವನ ಅಣಕ. ಟ್ವೀಡಲ್ ಅಂದರೆ ಪಿಟೀಲು, ಕೊಳಲಿನಂಥವನ್ನು ಕುಯ್ ಕುಯ್ ಅನಿಸುವುದು. ಡಂ ತಗ್ಗಿನ ಸ್ವರ, ಡೀ ಮೇಲಿನದು.

ಕನ್ನಡ ಕಿವಿಗೂ ಇದು ಹೊಸದಲ್ಲ. ದೊಡ್ಡದು, ದಪ್ಪದ್ದು ಡುಂ ಅನ್ನುತ್ತದೆ, ಸಣ್ಣದು ಟಿಣ್ ಅನ್ನುತ್ತದೆ. ಓಲಗದಲ್ಲಿ ಡೋಲು ಡುಂ, ಪೀಪಿ ಪೀ. ಪಿಟೀಲ್‌ಡುಂ, ಪಿಟೀಲ್‌ಡೀ ಅಂತ ಹೇಳಿನೋಡಿ. ಟ್ವೀಡಲ್ ಸದ್ದು ಹತ್ತಿರ ಹತ್ತಿರ ಉಳಿಯುತ್ತದೆ. ‘ಪಿಟೀಲು ಕುಯ್ಯಬೇಡ’ ಅನ್ನುವ ಬೈಗುಳವೂ ಒಳಗೆ ಕೂತಿರುತ್ತದೆ. ಕ್ಯಾರಲ್‌ನ ಜೋಡಿಗೆ ಇದು ಚೆನ್ನ, ಅವರು ಆಲಿಸ್ ಮುಂದೆ ಕುಯ್ಯುವುದು ಪಿಟೀಲನ್ನೇ. ಬ್ಯಾಟ್‌ಮನ್ ಕತೆಗೆ ಸ್ವಲ್ಪ ಮೆತ್ತಗಾಯಿತು. ಡುಮ್ಮ ಅನ್ನುವ ಆಸೆಯೂ ಬರುತ್ತದೆ, ಡಂ ಇದೆ, ಮೈಯೂ ಇದೆ. ಆದರೆ ಒಬ್ಬನನ್ನು ಡುಮ್ಮ ಅಂದರೆ ಇನ್ನೊಬ್ಬ ಕಡ್ಡಿ ಅಂತ ಮಕ್ಕಳು ತಾವೇ ತೀರ್ಮಾನ ಮಾಡಿಬಿಡುತ್ತಾರೆ. ಅದು ಹಾಸ್ಯದ ಜೋಡಿಯ ಲೆಕ್ಕ. ಇಲ್ಲಿ ಇಬ್ಬರೂ ಡುಮ್ಮರು.

ಪ್ರಾಸದ ಹೆಸರಿನ ಖಳರ ಜೋಡಿಗೇನೂ ನಮ್ಮಲ್ಲಿ ಬರ ಇಲ್ಲ. ಚಂಡ ಮುಂಡ, ಶುಂಭ ನಿಶುಂಭ, ಸುಂದ ಉಪಸುಂದ. ಯಕ್ಷಗಾನದಲ್ಲಿ ದೇವಿಮಹಾತ್ಮೆ ನೋಡಿದವರಿಗೆ ಚಂಡ ಮುಂಡರ ಜೋಡಿ ಕುಣಿತ ಕಣ್ಣಿಗೆ ಕಟ್ಟಿರುತ್ತದೆ. ಸುಂದ ಉಪಸುಂದರಂತೂ ತಿಲೋತ್ತಮೆಗಾಗಿ ಬಡಿದಾಡಿಕೊಂಡು ಸತ್ತರು, ಗಿಲಕಿಗಾಗಿ ಬಡಿದಾಡಲು ಹೊರಟವರ ದೊಡ್ಡಣ್ಣಂದಿರು. ಒಬ್ಬನ ಹೆಸರಿಗೆ ಒಂದಕ್ಷರ ಹೆಚ್ಚುಕಮ್ಮಿ ಮಾಡಿ ಇನ್ನೊಬ್ಬನನ್ನು ಹುಟ್ಟಿಸುವ ಕಲೆ ಎರಡು ಕಡೆಯೂ ಒಂದೇ. ಹಾಗಾಗಿ ಟ್ವೀಡಲ್‌ಡಂ, ಟ್ವೀಡಲ್‌ಡೀ ಅಂತಲೇ ಇಟ್ಟರೂ ಮಕ್ಕಳು ತಡವರಿಸಲ್ಲ. ನಮ್ಮ ಹುಡುಗ ಈಗಾಗಲೇ ‘ಟುಡುಲ್ಡುಂ’ ಮಾಡಿಕೊಂಡಿದ್ದಾನೆ.

ಕ್ಯಾರಲ್‌ನ ಪುಸ್ತಕದಲ್ಲಿ ಒಂದು ವಿವರ ನನಗೆ ಬಹಳ ಇಷ್ಟ. ಒಬ್ಬನ ಕಾಲರಿನ ಮುಂದೆ ಡಂ ಅಂತ ಕಸೂತಿ, ಇನ್ನೊಬ್ಬನದರಲ್ಲಿ ಡೀ ಅಂತ. ಟ್ವೀಡಲ್ ಅನ್ನುವುದು ಕಾಲರಿನ ಹಿಂಭಾಗದಲ್ಲಿ ಇರಬೇಕು ಅಂತ ಆಲಿಸ್ ಊಹಿಸುತ್ತಾಳೆ. ಮನೆತನ ಬೆನ್ನಿಗೆ, ಸ್ವಂತದ್ದು ಎದುರಿಗೆ. ಬೆನ್ನು ತಿರುಗಿಸಿದರೆ ಯಾರು ಯಾರೋ ತಿಳಿಯಲ್ಲ. ಕಾಮಿಕ್ಸ್‌ನವರು ಟ್ವೀಡನ್ನು ಅಡ್ಡಹೆಸರು ಮಾಡಿದ್ದು ಇಲ್ಲಿಂದಲೇ ಹೊಳೆದಿರಬೇಕು ಅಂತ ನನ್ನ ಗುಮಾನಿ.

ಬ್ಯಾಟ್‌ಮನ್‌ನ ವೈರಿಗಳ ಸಾಲಿನಲ್ಲಿ ಮ್ಯಾಡ್ ಹ್ಯಾಟರ್ ಅನ್ನುವ ಇನ್ನೊಬ್ಬ ಖಳನೂ ಇದ್ದಾನೆ, ಅವನೂ ಆಲಿಸ್ ಕತೆಯವನೇ, ಕಾಮಿಕ್ಸ್‌ಗೆ ಬಂದಿದ್ದು 1948ರಲ್ಲಿ. ಅವನಿಗೆ ಮಾತ್ರ ಕನ್ನಡ ತಾನಾಗಿಯೇ ಒದಗಿಬಂತು. ಅವನ ಕಸುಬೇ ಜನರ ತಲೆಗೆ ಟೋಪಿ ಹಾಕಿ ಅವರ ಬುದ್ಧಿಯನ್ನು ತನ್ನ ಕೈಗೆ ತೆಗೆದುಕೊಳ್ಳುವುದು. ‘ಟೋಪಿ ಹಾಕಿದ’ ಅಂದೆ, ಹುಡುಗ ಹೊಟ್ಟೆ ಹಿಡಿದು ನಕ್ಕ. 2008ರ ಒಂದು ಕತೆಯಲ್ಲಿ ಟ್ವೀಡ್ ಜೋಡಿ ಆ ಟೋಪಿವಾಲನ ಉಪಾಯವನ್ನೇ ಅವನ ಮೇಲೆ ಬಳಸಿ, ಅವನನ್ನು ಗೊಂಬೆಯ ಹಾಗೆ ಮುಂದೆ ಬಿಟ್ಟು ಹಿಂದಿನಿಂದ ಆಡಿಸುತ್ತಾರೆ. ಟೋಪಿವಾಲನಿಗೇ ಟೋಪಿ. ಇದಕ್ಕೆ ಇಂಗ್ಲಿಷಿಗಿಂತ ಕನ್ನಡವೇ ವಾಸಿ. ಇಬ್ಬರನ್ನೂ ಒಟ್ಟಿಗೆ ಬೈಯಲು ನಾನು ಖದೀಮರು ಅನ್ನುತ್ತೇನೆ, ಪತ್ರಿಕೆಗಳ ಅಪರಾಧ ಸುದ್ದಿಯಿಂದ ಕದ್ದದ್ದು. ಖಳನಾಯಕ ಅಂದರೆ ಮೀಸೆ ತಿರುವಬೇಕು, ಕುದುರೆ ಏರಬೇಕು. ಇವರಿಗೆ ಏಳಲೂ ಆಗಲ್ಲ.

ಸರಿ, ಪ್ರಶ್ನೆಗೆ ವಾಪಸ್ ಬರುತ್ತೇನೆ. ನಿನ್ನೆ ರಾತ್ರಿ ಹುಡುಗನನ್ನೇ ಕೇಳಿದೆ: ಅವಳಿ ಅಲ್ಲ, ಆದರೆ ಅವಳಿ ಥರ ಕಾಣ್ತಾರೆ, ಏನನ್ನೋಣ? ಅವನು ತಲೆ ಕೂಡ ಎತ್ತದೆ ಹೇಳಿದ: ‘ಸುಳ್ಳು ಅವಳಿ.’

ಅಷ್ಟೇ. ನಾನು ಮೂರು ದಿನ ನಿಘಂಟು ತಿರುವಿದ್ದೆ.

ಅವನ ಪದಕ್ಕೆ ಸ್ವಲ್ಪ ಇಸ್ತ್ರಿ ಹಾಕಿದರೆ ‘ಹುಸಿ ಅವಳಿ’ ಆಗುತ್ತದೆ. ಹುಸಿನಗು, ಹುಸಿಕೋಪ ಇವೆ, ಹುಸಿ ಬಾಂಬ್ ಕರೆ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಎಲ್ಲದರಲ್ಲೂ ‘ಹಾಗೆ ಕಾಣುತ್ತದೆ, ಆದರೆ ಅಲ್ಲ’ ಅನ್ನುವುದೇ ಅರ್ಥ. ಹುಸಿ ಅವಳಿ ಅಂದಾಗ ಆಶ್ಚರ್ಯವೂ ಉಳಿಯಿತು, ಯಾರು ಮೂಲ ಯಾರು ನಕಲು ಅನ್ನುವ ತಕರಾರೂ ಹೋಯಿತು. ಕಸಿನ್ ಅನ್ನುವುದನ್ನು ಒತ್ತಿ ಹೇಳುವ ಅಗತ್ಯವೇ ಬರಲ್ಲ. ‘ಅವಳಿ ಅಂದ್ಕೊಂಡ್ರಾ? ಹುಸಿ ಅವಳಿ! ಇವನ ಅಪ್ಪ ಬೇರೆ, ಅವನ ಅಪ್ಪ ಬೇರೆ.’ ಅಣ್ಣತಮ್ಮ ಅನ್ನುವ ಪದವನ್ನು ಮುಟ್ಟಲೇ ಇಲ್ಲ ನೋಡಿ. ಒಂದೇ ಅಳುಕು: ಕೂಡಿಸಿ ಹುಸಿಯವಳಿ ಅಂತ ಬರೆದರೆ ‘ಹುಸಿ ಹೇಳುವವಳು’ ಅಂತ ಓದಿಯಾರು. ಬಿಡಿಸಿ ಬರೆಯುವುದೇ ಲೇಸೇ? ಇದಕ್ಕಿಂತ ಹಳೆಯ, ಬಳಕೆಯಲ್ಲಿರುವ ಪದ ನಿಮ್ಮ ಊರ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಮುಖ್ಯವಾಗಿ ಕರಾವಳಿಯವರು, ಕೊಡಗಿನವರು.

ಜವಳಿಯ ಬಗ್ಗೆಯೂ ಒಂದು ಉಪಪ್ರಶ್ನೆ. ಬಟ್ಟೆಗೆ ಜವಳಿ ಅನ್ನುವುದು ಪಂಚೆ, ಧೋತರಗಳನ್ನು ಜೋಡಿಯಲ್ಲಿ ನೇಯ್ದು ಜೋಡಿಯಲ್ಲಿ ಮಾರುತ್ತಿದ್ದದ್ದರಿಂದ ಬಂದಿದ್ದೇ? ನೇಕಾರರ ಮನೆಯವರು ಯಾರಾದರೂ ಇದ್ದರೆ ಹೇಳಿ: ಹಿರಿಯರು ಮಗ್ಗದ ಮಾತಿನಲ್ಲಿ ಜವಳಿ ಅನ್ನುವುದನ್ನು ‘ಜೋಡಿ’ ಅನ್ನುವ ಅರ್ಥದಲ್ಲಿ ಬಳಸುತ್ತಿದ್ದರೇ? ನಮ್ಮಜ್ಜಿ ಅಂಟಿಕೊಂಡ ಎರಡು ಬಾಳೆಹಣ್ಣನ್ನು ಮದುವೆಯಾಗದ ಹುಡುಗಿಯರ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು, ತಿಂದರೆ ಅವಳಿ ಹುಟ್ಟುತ್ತವೆ ಅಂತ. ಅವಳು ಅದನ್ನು ಅವಳಿ ಹಣ್ಣು ಅನ್ನುತ್ತಿದ್ದಳು. ಜವಳಿ ಹಣ್ಣು ಅನ್ನುವ ಊರುಗಳೂ ಇವೆಯೇ?

ಹುಡುಗ ಭಾನುವಾರ ಊರಿಗೆ ಹೊರಡುತ್ತಾನೆ. ಶನಿವಾರ ರಾತ್ರಿಯೊಳಗೆ ಬೇರೆ ಪದ ಬರದಿದ್ದರೆ ಅವನದೇ ಗಟ್ಟಿ.